ಕಬ್ಬಿಗೆ ಕಾರ್ಖಾನೆಯುಂಟು, ಕಬ್ಬಕ್ಕೆ?

ಮಂಡ್ಯ ಸೀಮೆಯ ಕಬ್ಬನ್ನು ಮಂಡ್ಯದಲ್ಲಿಯೇ ಅರೆಯಬೇಕೆಂಬ ವಿಷಯದಲ್ಲಿ ಈ ಜಿಲ್ಲೆಯ ಯಾರಿಗೂ ಎಂದೂ ಸಂಶಯ ಹುಟ್ಟಿದ್ದಿಲ್ಲ. ನಾಲೆಯ ನೀರು ಹರಿದು ಬಯಲು ಹಸುರಾಗತೊಡಗಿದ ಕಾಲದಲ್ಲಿಯೇ, 1933ರಲ್ಲಿ, ಮೈಸೂರು ಸಕ್ಕರೆ ಕಂಪೆನಿ ಇಲ್ಲಿ ಸ್ಥಾಪಿತವಾಯಿತು. ಸರ್ಕಾರದ ಹಣದೊಂದಿಗೆ ರೈತರ ಹಣವೂ ಅದರ ಷೇರುಗಳಲ್ಲಿ ಸೇರಿತು. ಕಡಿದ ಕಬ್ಬು ಬಹುದಿನ ನಿಲ್ಲದು, ತಡವಾದಷ್ಟೂ ಅದರ ರಸ ಕುಗ್ಗುವುದು ಎಂಬ ಸಾಮಾನ್ಯ ತಿಳಿವಳಿಕೆಯೇ ಅದಕ್ಕೆ ಸಾಕಾಗಿತ್ತು. ಹಳಗನ್ನಡದಲ್ಲಿ ಕಾವ್ಯಕ್ಕೆ ಕಬ್ಬವೆಂದು ಹೆಸರು. ಕಬ್ಬಿನಲ್ಲಿ ಇಷ್ಟು ಎಚ್ಚರವುಳ್ಳ ಜಿಲ್ಲೆ ಕಬ್ಬದ ವಿಷಯದಲ್ಲಿ ತೊಂಬತ್ತು ವರ್ಷಗಳಿಂದಲೂ ನಿದ್ರೆಮಾಡುತ್ತಿದೆ. ಇಲ್ಲಿ ಬೆಳೆದ ಬರಹವು ಮೈಸೂರಿಗೋ ಬೆಂಗಳೂರಿಗೋ ಸಾಗಬೇಕು. ಅಲ್ಲಿಯ ಪ್ರಕಾಶಕರ ಮನಸ್ಸಿಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಂಡ್ಯದಲ್ಲಿ ಅಚ್ಚು ಎಂದರೆ ಬೆಲ್ಲದ ಅಚ್ಚೊಂದೇ ಎಂದು ಹಾಸ್ಯಮಾಡುವವರಿಗೆ ಉತ್ತರ ಕೊಡುವುದು ಕಷ್ಟ.

ಬೆಳೆಗೆ ಕೊರತೆಯಿದೆಯೆಂದು ಯಾರೂ ಹೇಳಲಾರರು. ಮೇಲುಕೋಟೆಯು ಪು. ತಿ. ನರಸಿಂಹಾಚಾರ್ಯರನ್ನೂ, ಕಿಕ್ಕೇರಿಯು ಕೆ. ಎಸ್. ನರಸಿಂಹಸ್ವಾಮಿಯವರನ್ನೂ, ಅಕ್ಕಿಹೆಬ್ಬಾಳು ಎ. ಎನ್. ಮೂರ್ತಿರಾಯರನ್ನೂ ಕನ್ನಡಕ್ಕೆ ಕೊಟ್ಟವು. ತ್ರಿವೇಣಿಯವರು 1928ರಲ್ಲಿ ಹುಟ್ಟಿದುದು ಮಂಡ್ಯದಲ್ಲಿ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ರಾಮಣ್ಣನವರು ವೈದ್ಯವೃತ್ತಿಯನ್ನು ನಡೆಸುತ್ತಲೇ ಈ ಮಣ್ಣಿನ ಮಾತನ್ನು ಕಥೆಗಳಿಗೆ ತಂದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಆ ಮಹಾಕಾವ್ಯವು ದೊಡ್ಡ ಗ್ರಂಥವಾಗಿ ಹೊರಬಂದುದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ಆ ವಿಶ್ವವಿದ್ಯಾಲಯ ಮಾಡಿದುದು ಪುಣ್ಯದ ಕೆಲಸವೇ ಸರಿ. ಹಾಡನ್ನು ಕೇಳಿ ಬೆಳೆದ ಊರುಗಳು ಅದಕ್ಕೆ ಕೈಯಿಕ್ಕಲಿಲ್ಲವೆಂಬುದು ಮಾತ್ರ ಯೋಚಿಸತಕ್ಕ ವಿಷಯ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗೆ. ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಎಣ್ಣೆಯ ದೀಪವೇ ಉರಿಯುತ್ತಿತ್ತು. ಶಕ್ತಿ ಇಲ್ಲಿಯದು, ಬೆಳಕು ಬೇರೆಯವರದು ಎಂಬುದು ಈ ಸೀಮೆಗೆ ಹಳೆಯ ರೂಢಿ.

ಜಿಲ್ಲೆಯಲ್ಲಿ ಪುಸ್ತಕಗಳೇ ಅಚ್ಚಾಗುತ್ತಿಲ್ಲವೆಂದು ಯಾರೂ ಅಪಾರ್ಥಮಾಡಬಾರದು. ಸಂಘಸಂಸ್ಥೆಗಳು ಆಗಾಗ ಅಚ್ಚುಹಾಕಿಸಿವೆ. ಉತ್ಸಾಹಿಗಳಾದ ಲೇಖಕರು ತಾವೇ ಹಣ ಹಾಕಿ ಹೊರತಂದಿದ್ದಾರೆ. ಹಾಗೆ ಹೊರಬಂದ ಪುಸ್ತಕದ ಗತಿಯನ್ನು ನೋಡಬೇಕು. ಒಬ್ಬ ಉಪಾಧ್ಯಾಯರು ಹತ್ತು ವರ್ಷ ಬರೆದ ಕಥೆಗಳನ್ನು ಕೂಡಿಸಿ, ಭವಿಷ್ಯನಿಧಿಯಿಂದ ಸಾಲ ತೆಗೆದು, ಐನೂರು ಪ್ರತಿಗಳನ್ನು ಅಚ್ಚುಮಾಡಿಸುತ್ತಾರೆ. ಬಿಡುಗಡೆಯ ದಿನ ಸಭಾಭವನದ ಬಾಡಿಗೆ, ಶಾಲು, ಹಾರ, ಪೇಟ, ಫಲತಾಂಬೂಲ, ಉಪಾಹಾರ ಎಲ್ಲವೂ ಅವರ ಖರ್ಚೇ. ವೇದಿಕೆಯ ಮೇಲಿನ ಹನ್ನೆರಡು ಮಂದಿಗೆ ಪ್ರತಿಗಳನ್ನು ಹಂಚುತ್ತಾರೆ. ಕೆಳಗೆ ಕುಳಿತವರಿಗೂ ಕೈಯೊಡ್ಡಿದವರಿಗೆಲ್ಲ ಕೊಡುತ್ತಾರೆ. ಉಪ್ಪಿಟ್ಟು ಕಾಫಿಗಳನ್ನು ತೆಗೆದುಕೊಂಡು ಮನೆಗೆ ಹೊರಟವರ ಕೈಯಲ್ಲಿ ಗೌರವಪ್ರತಿಯಿರುತ್ತದೆ, ಜೇಬಿನಲ್ಲಿ ಹಣವೂ ಇರುತ್ತದೆ. ಉಳಿದ ಮುನ್ನೂರೈವತ್ತು ಪ್ರತಿಗಳು ಲೇಖಕರ ಮಂಚದ ಕೆಳಗೆ ಗೆದ್ದಲಿನ ನಿರೀಕ್ಷೆಯಲ್ಲಿ ಮಲಗುತ್ತವೆ. ಇದಕ್ಕೆ ಪ್ರಕಾಶನವೆಂದು ಹೆಸರಿಡುವುದಾದರೆ ದಾನಕ್ಕೆ ಬೇರೆ ಹೆಸರನ್ನು ಹುಡುಕಬೇಕಾಗುವುದು.

ಇಲ್ಲಿ ದೋಷಿಗಳು ಯಾರು? ಸರ್ಕಾರವನ್ನು ಬಯ್ಯುವುದು ಸುಲಭ, ಬೆಂಗಳೂರಿನ ಪ್ರಕಾಶಕರನ್ನು ಬಯ್ಯುವುದು ಇನ್ನೂ ಸುಲಭ. ನಿಜವಾಗಿ ದೋಷವಿರುವುದು ಈ ಮೂರು ಊರುಗಳ ವಿದ್ಯಾವಂತ ಕುಟುಂಬಗಳಲ್ಲಿ. ವಕೀಲರು, ವೈದ್ಯರು, ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ನಾಲ್ಕಾರು ಎಕರೆ ಗದ್ದೆಯುಳ್ಳ ಪದವೀಧರ ಗೃಹಸ್ಥರು ಇವರೆಲ್ಲರೂ ಸಾಹಿತ್ಯಪ್ರಿಯರೆಂದೇ ಹೆಸರಾದವರು. ಮದುವೆಯ ಕರೆಯೋಲೆಗೆ ಇವರು ಸುರಿಯುವ ಹಣದ ಹತ್ತರಲ್ಲೊಂದು ಪಾಲೂ ವರ್ಷವಿಡೀ ಕನ್ನಡ ಪುಸ್ತಕಗಳಿಗೆ ಸಲ್ಲುವುದಿಲ್ಲ. ಪರಿಚಯಸ್ಥರು ಬರೆದ ಪುಸ್ತಕವನ್ನು ಕೊಂಡು ಓದುವುದೆಂದರೆ ತಮ್ಮ ಪರಿಚಯಕ್ಕೇ ಅವಮಾನವೆಂಬ ಭಾವನೆ ಇವರಲ್ಲಿ ಬೇರೂರಿದೆ. ಊರಿನ ಹೋಟೆಲಿನವನು ಪರಿಚಿತನೆಂದು ವಡೆಯನ್ನು ಬಿಟ್ಟಿ ಕೇಳುವವರಿಲ್ಲ. ಕವಿ ಪರಿಚಿತನಾದರೆ ಕವಿತೆ ಬಿಟ್ಟಿಯಾಗಲೇಬೇಕು!

ಇನ್ನು ಉತ್ಸವಗಳ ಮಾತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಮಂಡ್ಯದಲ್ಲಿ 1974ರಲ್ಲಿ ಜಯದೇವಿತಾಯಿ ಲಿಗಾಡೆಯವರ ಅಧ್ಯಕ್ಷತೆಯಲ್ಲಿ, 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ, 2024ರ ಡಿಸೆಂಬರಿನಲ್ಲಿ ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಡೆಯಿತು. ಮೂರು ಬಾರಿಯೂ ಅತಿಥಿಸತ್ಕಾರದಲ್ಲಿ ಜಿಲ್ಲೆ ಕೀರ್ತಿ ಗಳಿಸಿತು. ಜನ ಬಂದರು, ಉಂಡರು, ಮೆಚ್ಚಿ ಹೋದರು. ಚಪ್ಪರವನ್ನು ಕಿತ್ತ ಮೇಲೆ ಉಳಿದುದೇನು? ಐವತ್ತು ವರ್ಷಗಳಲ್ಲಿ ಮೂರು ಮಹಾಸಂತರ್ಪಣೆಗಳನ್ನು ಮಾಡಿದ ಊರು, ವರ್ಷಕ್ಕೆ ನಾಲ್ಕು ಪುಸ್ತಕಗಳನ್ನು ಹೊರತಂದು, ಬೆಲೆಗೆ ಮಾರಿ, ಲೇಖಕರ ಕೈಗೆ ಲೆಕ್ಕಪೂರ್ವಕವಾಗಿ ಸಂಭಾವನೆ ಕೊಡುವಂಥ ಒಂದು ಚಿಕ್ಕ ಪ್ರಕಟನಾಲಯವನ್ನು ನಡೆಸಲಾರದೆಂದರೆ ನಂಬುವವರಾರು?

ಇಲ್ಲಿ ಎರಡು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಗ್ರಂಥಾಲಯ ಇಲಾಖೆಯು ಪುಸ್ತಕಗಳನ್ನು ಕೊಳ್ಳುತ್ತದೆಯಷ್ಟೆ, ಬೇರೆ ಓದುಗರ ಗೊಡವೆ ಏಕೆ ಎಂಬುದು ಒಂದು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ನಾಡಿಗೆ ಮಾಡಿದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಇಲಾಖೆಯ ಸಗಟು ಖರೀದಿಯೊಂದನ್ನೇ ಕಣ್ಣಿನಲ್ಲಿಟ್ಟುಕೊಂಡು ಹುಟ್ಟಿದ ಪ್ರಕಾಶನಗಳು ಓದುಗನ ಮುಖವನ್ನೇ ನೋಡದೆ ಬೆಳೆದಿವೆ. ಕೊಳ್ಳುವವನು ಒಬ್ಬನೇ ಆದಾಗ ಅವನು ಹಣ ಕೊಡುವ ತನಕ ಕಾಯಬೇಕು, ಅವನು ಕಟ್ಟಿದ ಬೆಲೆಗೆ ಒಪ್ಪಬೇಕು. ಬಿಲ್ಲಿನ ಹಣಕ್ಕಾಗಿ ವರ್ಷಗಟ್ಟಲೆ ಕಾದ ಪ್ರಕಾಶಕರ ಗೋಳು ನಾಡಿನಲ್ಲಿ ಹೊಸತಲ್ಲ. ಕಾರ್ಖಾನೆಯಿಂದ ಬರಬೇಕಾದ ಬಾಕಿಗಾಗಿ ಕಾಯುವುದೆಂದರೇನೆಂದು ಮಂಡ್ಯದ ಕಬ್ಬು ಬೆಳೆಗಾರರಿಗೆ ಬೇರೆ ವಿವರಿಸಬೇಕಾಗಿಲ್ಲ.

ಮೈಸೂರು 45 ಕಿಲೋಮೀಟರು, ಬೆಂಗಳೂರು 100 ಕಿಲೋಮೀಟರು. ಇಷ್ಟು ಸಮೀಪದಲ್ಲಿ ಎರಡು ದೊಡ್ಡ ನಗರಗಳಿರಲು ಇಲ್ಲಿ ಬೇರೆ ಪ್ರಕಟನಾಲಯವೇಕೆ ಎಂಬುದು ಇನ್ನೊಂದು. ಈ ಸಾಮೀಪ್ಯವೇ ಜಿಲ್ಲೆಗೆ ಮುಳುವಾಗಿರುವುದು. ದೂರದ ಊರು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲು ಕಲಿಯುವುದು. ಹತ್ತಿರದ ಊರು ಎಲ್ಲವನ್ನೂ ನಗರಕ್ಕೆ ಒಪ್ಪಿಸಿ ಸೋಮಾರಿಯಾಗುವುದು. 2023ರಲ್ಲಿ ಸಂಚಾರಕ್ಕೆ ತೆರೆದ ಹೊಸ ಹೆದ್ದಾರಿಯು ಮದ್ದೂರನ್ನೂ ಮಂಡ್ಯವನ್ನೂ ಬಳಸಿಕೊಂಡು ಹೋಗುತ್ತದೆ. ಅದರ ಮೇಲೆ ಹೋಗುವವನಿಗೆ ವಡೆಯ ವಾಸನೆಯೂ ತಾಗುವುದಿಲ್ಲ. ನಗರದ ಪ್ರಕಾಶಕನ ದೃಷ್ಟಿಯೂ ಅಂಥ ಹೆದ್ದಾರಿಯೇ. ಆಲೆಮನೆ, ಕೊಪ್ಪರಿಗೆ, ತೂಬು, ನೀರುಗಂಟಿ ಎಂಬ ಮಾತುಗಳು ಕಥೆಯಲ್ಲಿ ಬಂದರೆ ಅವನಿಗೆ ಅಡಿಟಿಪ್ಪಣಿ ಬೇಕು. ಕೊನೆಯ ತೂಬಿನ ಗದ್ದೆಗೆ ನೀರು ಮುಟ್ಟದ ವರ್ಷದ ಕಥೆ ಅವನಿಗೆ ಒಂದು ವಿಷಯ ಮಾತ್ರ, ಇಲ್ಲಿಯವನಿಗೆ ಅದು ಮನೆಯ ಮಾತು. ಅವನನ್ನು ದೂರಬೇಕಾದುದಿಲ್ಲ, ಅವನ ವ್ಯಾಪಾರ ಅವನ ಓದುಗರಿಗಾಗಿ ಇರುವುದು.

ಚಿಕ್ಕ ಊರಿನಲ್ಲಿ ಪುಸ್ತಕವ್ಯವಸಾಯ ನಡೆಯದೆಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯೇ ವಿರುದ್ಧ ಸಾಕ್ಷಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಸುತ್ತಿ ಮಾರಿದರು, ಹಂಚಲಿಲ್ಲ, ಮಾರಿದರು. ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿದ ಅದೇ 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅವರಲ್ಲಿ ದೊಡ್ಡ ಬಂಡವಾಳವಿರಲಿಲ್ಲ. ವರ್ಷಕ್ಕಿಷ್ಟು ಎಂದು ಚಂದಾ ಕೊಡುವ ಮನೆಗಳನ್ನು ಕೂಡಿಸಿಕೊಂಡರು, ಪುಸ್ತಕಗಳನ್ನು ಆ ಮನೆಗಳಿಗೆ ತಲಪಿಸಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಅಚ್ಚು, ಪ್ರಕಾಶನಗಳ ಭಾರವನ್ನು ತಾವೇ ಹೊತ್ತರು. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ಬೆಳೆಯುವ ಹಳ್ಳಿ. ಅಲ್ಲಿ ಕುಳಿತು ಕೆ. ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನವನ್ನು ಕಟ್ಟಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಹಳ್ಳಿಯನ್ನು ಹುಡುಕಿಕೊಂಡು ಬಂದಿತು. ಅಡಿಕೆಯ ಹಳ್ಳಿಗೆ ಸಾಧ್ಯವಾದುದು ಕಬ್ಬಿನ ಜಿಲ್ಲೆಗೆ ಏಕೆ ಅಸಾಧ್ಯ?

ಎಲ್ಲಕ್ಕಿಂತ ಹತ್ತಿರದ ಮೇಲ್ಪಂಕ್ತಿ ನೆರೆಯ ಕೇರಳದ್ದು. 1945ರಲ್ಲಿ ಕೋಟ್ಟಯಂ ಪಟ್ಟಣದಲ್ಲಿ ಹನ್ನೆರಡು ಮಂದಿ ಬರಹಗಾರರು 120 ರೂಪಾಯಿಗಳ ಬಂಡವಾಳದಿಂದ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘವನ್ನು ಕಟ್ಟಿದರು. ಎಂ. ಪಿ. ಪೌಲರು ಅಧ್ಯಕ್ಷರು, ಕಥೆಗಾರರಾದ ಕಾರೂರು ನೀಲಕಂಠ ಪಿಳ್ಳೆಯವರು ಕಾರ್ಯದರ್ಶಿಗಳು. ಲೇಖಕನಿಗೆ ಬೆಲೆಯ ಶೇಕಡಾ 30ರಷ್ಟು ಗೌರವಧನ ಕೊಡಬೇಕೆಂದು ನಿಶ್ಚಯಿಸಿ ಹಾಗೆಯೇ ನಡೆದರು. ಮಲಯಾಳದ ದೊಡ್ಡ ಲೇಖಕರು ತಾವಾಗಿ ಆ ಪಟ್ಟಣದ ಬಾಗಿಲಿಗೆ ಬಂದರು. ಕೋಟ್ಟಯಂ ರಾಜಧಾನಿಯಲ್ಲ, ಮಂಡ್ಯದಂತೆ ಒಂದು ಜಿಲ್ಲೆಯ ಮುಖ್ಯಪಟ್ಟಣ. ಹಾಲಿನ ಸಹಕಾರ ಸಂಘವನ್ನು ಹಳ್ಳಿಹಳ್ಳಿಯಲ್ಲಿಯೂ ನಡೆಸಿ ಪಳಗಿದ ಜಿಲ್ಲೆಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಹೊರಜಗತ್ತನ್ನು ನೋಡಿದರೂ ಇದೇ ಪ್ರಶ್ನೆ. ನೈಜೀರಿಯದ ಚಿನುವ ಅಚಿಬೆಯವರ ಮೊದಲ ಕಾದಂಬರಿ 1958ರಲ್ಲಿ ಅಚ್ಚಾದುದು ಲಂಡನ್ನಿನಲ್ಲಿ. ತನ್ನ ಹಳ್ಳಿಯ ಕಥೆಯು ಕಡಲು ದಾಟಿ ಹಿಂದಿರುಗಿ ಬರಲೆಂದು ಆ ದೇಶ ಕಾಯಬೇಕಾಗಿತ್ತು. ಇದನ್ನು ಸಹಿಸಲಾರದೆ ಅಚಿಬೆಯವರೂ ಕವಿ ಕ್ರಿಸ್ಟೋಫರ್ ಒಕಿಗ್ಬೊ ಅವರೂ 1967ರಲ್ಲಿ ಎನುಗು ಪಟ್ಟಣದಲ್ಲಿ ಸ್ವಂತ ಪ್ರಕಾಶನವನ್ನು ಆರಂಭಿಸಿದರು. ಅದೇ ವರ್ಷ ಅಂತರ್ಯುದ್ಧವು ಪ್ರಕಾಶನವನ್ನೂ ಕವಿಯನ್ನೂ ನುಂಗಿತು. ಯುದ್ಧ ಮುಗಿದ ಮೇಲೆ, 1970ರ ದಶಕದಲ್ಲಿ, ಫ್ಲೋರಾ ನ್ವಾಪ ಎಂಬ ಕಾದಂಬರಿಕಾರ್ತಿ ಅದೇ ಎನುಗುವಿನಲ್ಲಿ ಮತ್ತೆ ಪ್ರಕಾಶನವನ್ನು ತೆರೆದರು. ಇವರೆಲ್ಲರಿಗೂ ಮೊದಲೇ, ನೈಜರ್ ನದಿಯ ದಡದ ಒನಿಚ ಪೇಟೆಯಲ್ಲಿ ಚಿಕ್ಕ ಅಚ್ಚುಕೂಟದವರು ಅಗ್ಗದ ಕಥೆಪುಸ್ತಕಗಳನ್ನು ಅಚ್ಚುಹಾಕಿ ಬಟ್ಟೆ ಕಾಳುಗಳ ನಡುವೆಯೇ ಮಾರುತ್ತಿದ್ದರು. ಅವು ಶ್ರೇಷ್ಠ ಸಾಹಿತ್ಯವಲ್ಲದಿರಬಹುದು. ಸಂತೆಗೆ ಬಂದವನು ಪುಸ್ತಕವನ್ನೂ ಕೊಂಡುಹೋಗುವ ಅಭ್ಯಾಸವನ್ನು ಅವು ಹುಟ್ಟಿಸಿದವು. ಮದ್ದೂರಿನ ಸಂತೆಯಲ್ಲಿ ಪುಸ್ತಕದ ಗಾಡಿಯೊಂದು ನಿಂತಿದ್ದರೆ ಯಾರಿಗೆ ಅಗೌರವ?

ಸ್ಥಳೀಯ ಪ್ರಕಟನಾಲಯಕ್ಕೆ ಮಹಾಶತ್ರುವೊಂದುಂಟು. ಅದರ ಹೆಸರು ಸ್ಥಳೀಯಾಭಿಮಾನ. ಮಂಡ್ಯದವರು ಬರೆದುದನ್ನೆಲ್ಲ ಮಂಡ್ಯದವರು ಅಚ್ಚುಹಾಕಬೇಕೆಂಬ ನಿಯಮ ಬಂದ ದಿನವೇ ಆ ಮನೆಯ ಬಾಗಿಲು ಮುಚ್ಚಿತೆಂದು ತಿಳಿಯಬಹುದು. ಸಂಘದ ಪದಾಧಿಕಾರಿಗಳ ಷಟ್ಪದಿ, ದಾನಿಗಳ ಆತ್ಮಚರಿತ್ರೆ, ನಿವೃತ್ತ ಅಧಿಕಾರಿಗಳ ಯಾತ್ರಾನುಭವ ಇವು ಮೊದಲನೆಯ ವಾರದಲ್ಲಿಯೇ ಬಂದು ಬೀಳುವುವು. ಹತ್ತು ಹಸ್ತಪ್ರತಿಗಳಲ್ಲಿ ಎಂಟನ್ನು ವಿನಯದಿಂದ ಹಿಂದಿರುಗಿಸುವ ಧೈರ್ಯವುಳ್ಳ ಸಂಪಾದಕರು ದೊರೆಯುವವರೆಗೆ ಈ ಕಾರ್ಯವನ್ನು ಆರಂಭಿಸದಿರುವುದೇ ಲೇಸು. ಅವರು ಜಿಲ್ಲೆಯ ಹೊರಗಿನವರಾದರೂ ಬಾಧಕವಿಲ್ಲ. ಯಾರ ನೆಂಟರೂ ಆಗಿಲ್ಲದಿರುವುದು ಒಂದು ಹೆಚ್ಚಿನ ಯೋಗ್ಯತೆಯೇ.

ಜನ ಓದುವುದನ್ನೇ ಬಿಟ್ಟಿದ್ದಾರೆ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ನಿಟ್ಟುಸಿರುಬಿಡುವವರಿಗೆ ಒಂದು ಲೆಕ್ಕ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಬೇಕಾದುದು 18 ಲಕ್ಷ ಓದುಗರಲ್ಲ, 300 ಮನೆಗಳು. ಮನೆಯೊಂದು ವರ್ಷಕ್ಕೆ 1000 ರೂಪಾಯಿ ಚಂದಾ ಕೊಟ್ಟರೆ 3 ಲಕ್ಷವಾಯಿತು. ಮೊದಲಿನಂತೆ ಸಾವಿರ ಪ್ರತಿಗಳನ್ನು ಒಮ್ಮೆಗೇ ಅಚ್ಚುಹಾಕಿಸಿ ಗೋದಾಮಿನಲ್ಲಿಡುವ ಅಗತ್ಯ ಈಗಿಲ್ಲ; ಮುನ್ನೂರು ನಾನ್ನೂರು ಪ್ರತಿಗಳನ್ನು ತೆಗೆದು, ಬೇಡಿಕೆ ಬಂದಂತೆ ಮತ್ತೆ ತೆಗೆಯಬಹುದು. ಚಂದಾದಾರರಿಗೆ ವರ್ಷಕ್ಕೆ ನಾಲ್ಕು ಪುಸ್ತಕಗಳು, ಉಳಿದವು ಅಂಗಡಿಗಳಿಗೆ. ಗೌರವಪ್ರತಿಯೆಂಬುದು ವಿಮರ್ಶಕರಿಗೂ ಲೇಖಕರಿಗೂ ಮಾತ್ರ. ಬಿಡುಗಡೆಯ ಸಭೆ ಬೇಕಾದರೆ ನಡೆಯಲಿ, ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ರಸೀತಿಪುಸ್ತಕ ಇರಲಿ. ಶಾಲಿನ ಹಣ ಲೇಖಕರ ಸಂಭಾವನೆಗೆ ಸೇರಲಿ.

ಮೊದಲ ವರ್ಷದ ಪಟ್ಟಿಗೆ ಕಷ್ಟಪಡಬೇಕಾಗಿಲ್ಲ. ಈಗ ಬರೆಯುತ್ತಿರುವ ತರುಣ ತರುಣಿಯರ ಕಥೆಗಳಿಂದ ಆಯ್ದ ಒಂದು ಸಂಪುಟ. ನಾಲೆ ಬಂದ ಕಾಲದ ನೆನಪುಗಳನ್ನು ಹಿರಿಯರಿಂದ ಕೇಳಿದ ಮನೆಗಳಲ್ಲಿ ಸಂಗ್ರಹಿಸಿದ ಒಂದು ಗದ್ಯಗ್ರಂಥ. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ನಡೆದ ಧ್ವಜಸತ್ಯಾಗ್ರಹವನ್ನು ಕುರಿತು ಮಕ್ಕಳಿಗಾಗಿ ಒಂದು ಪುಸ್ತಕ. ಆಲೆಮನೆ ಮತ್ತು ಗದ್ದೆಯ ಕೆಲಸದ ಮಾತುಗಳ ಒಂದು ಚಿಕ್ಕ ನಿಘಂಟು. ಮಂಡ್ಯದಿಂದ 150 ಮನೆಗಳು, ಮದ್ದೂರಿನಿಂದ 90, ಮಳವಳ್ಳಿಯಿಂದ 60. ಯುಗಾದಿಯ ಒಳಗೆ ಈ ಚಂದಾ ಕೂಡದಿದ್ದರೆ, ಕೊಡದ ಮನೆಗಳವರು ಮುಂದಿನ ಪುಸ್ತಕ ಬಿಡುಗಡೆಗೆ ಹೋದಾಗ ಬರಿಗೈಯಲ್ಲಿ ಹಿಂದಿರುಗಲು ಸಿದ್ಧರಾಗಿರಬೇಕು.