ತೊಟ್ಟಿಲಿಗೆ ಹಾಜರಿ ಪುಸ್ತಕದಲ್ಲಿ ಸ್ಥಳವಿಲ್ಲವೇ?



ಮಾತೃತ್ವವನ್ನು ಕುರಿತು ನಮ್ಮಷ್ಟು ಸೊಗಸಾಗಿ ಮಾತನಾಡುವ ಸಮುದಾಯ ಇನ್ನೊಂದಿರಲಾರದು. ದೇವಮಾತೆಯ ಹಬ್ಬಗಳಲ್ಲಿ ತಾಯ್ತನವನ್ನು ಕೊಂಡಾಡುತ್ತೇವೆ. ಕ್ರಿಸ್ತಜಯಂತಿಯಂದು ಗೋದಲಿಯ ಮುಂದೆ ಮೊಣಕಾಲೂರುತ್ತೇವೆ. ಗರ್ಭದಲ್ಲಿರುವ ಶಿಶುವಿನ ಜೀವ ಪವಿತ್ರವೆಂದು ಪ್ರಬೋಧನೆಗಳಲ್ಲಿ ಸಾರುತ್ತೇವೆ. ಇವೆಲ್ಲವೂ ಸತ್ಯ, ಇವೆಲ್ಲವೂ ಅಗತ್ಯ. ಆದರೆ ಅದೇ ದೇವಾಲಯದ ಗೋಡೆಗೆ ಹೊಂದಿಕೊಂಡು ನಿಂತಿರುವ ನಮ್ಮದೇ ಶಾಲೆಯಲ್ಲಿ ಪಾಠ ಹೇಳುವ ಶಿಕ್ಷಕಿಯೊಬ್ಬರು ತಾಯಿಯಾದಾಗ ನಾವು ನಡೆದುಕೊಳ್ಳುವ ರೀತಿ ಎಂಥದು? ಹುಟ್ಟುವ ಮುನ್ನ ಆ ಮಗುವಿನ ಪರವಾಗಿ ಎತ್ತಿದ ದನಿ, ಹುಟ್ಟಿದ ನಂತರದ ಮೊದಲ ಹನ್ನೆರಡು ತಿಂಗಳು ಎಲ್ಲಿ ಅಡಗಿ ಹೋಗುತ್ತದೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಎಲ್ಲ ಶಾಲೆಗಳೂ ಒಂದೇ ಬಗೆಯಲ್ಲಿ ನಡೆದುಕೊಳ್ಳುತ್ತವೆ ಎಂದು ಆಪಾದಿಸುವುದು ಅನ್ಯಾಯವಾದೀತು. ಶಿಕ್ಷಕಿಯ ಹೆರಿಗೆಯನ್ನು ತಮ್ಮ ಮನೆಯ ಸಂಭ್ರಮದಂತೆ ಕಾಣುವ ಮುಖ್ಯೋಪಾಧ್ಯಾಯಿನಿಯರು ನಮ್ಮಲ್ಲಿದ್ದಾರೆ. ಮಗುವನ್ನು ಕಾನ್ವೆಂಟಿನ ಕೋಣೆಯಲ್ಲಿ ಮಲಗಿಸಲು ಜಾಗ ಕೊಡುವ ಧರ್ಮಭಗಿನಿಯರೂ ಇದ್ದಾರೆ. ಆದರೆ ಇದು ಒಬ್ಬೊಬ್ಬರ ಒಳ್ಳೆಯತನ, ಸಂಸ್ಥೆಯ ನಿಯಮವಲ್ಲ. ಆ ಒಳ್ಳೆಯ ಸಿಸ್ಟರ್ ವರ್ಗವಾಗಿ ಹೋದ ದಿನ ಆ ಸೌಲಭ್ಯವೂ ಅವರೊಂದಿಗೆ ಹೊರಟುಹೋಗುತ್ತದೆ. ಉಳಿದೆಡೆ ನಡೆಯುವುದೇನೆಂದು ಅನುದಾನರಹಿತ ಶಾಲೆಗಳ ಪರಿಚಯವುಳ್ಳ ಯಾರೂ ಬಲ್ಲರು: ಸಂಬಳವಿಲ್ಲದ ರಜೆ, ‘ಸದ್ಯಕ್ಕೆ ರಾಜೀನಾಮೆ ಕೊಡಿ, ಜೂನ್‌ನಲ್ಲಿ ನೋಡೋಣ’ ಎಂಬ ಮೃದುವಾದ ಸಲಹೆ, ವರ್ಷ ವರ್ಷವೂ ಹೊಸದಾಗಿ ಬರೆಸಿಕೊಳ್ಳುವ ನೇಮಕದ ಪತ್ರ, ಸಂದರ್ಶನದಲ್ಲಿಯೇ ‘ಮದುವೆಯಾಯಿತೇ, ಮಕ್ಕಳೆಷ್ಟು’ ಎಂಬ ವಿಚಾರಣೆ. ಮೃದುವಾಗಿ ಹೇಳಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗುವುದಿಲ್ಲ.

ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಪದವೊಂದಿದೆ: ‘ಸಮತೋಲನ’. ಮನೆ ಮತ್ತು ಉದ್ಯೋಗವನ್ನು ಸಮತೋಲನದಿಂದ ನಿಭಾಯಿಸುವವಳೇ ಆದರ್ಶ ಮಹಿಳೆ ಎನ್ನುತ್ತಾರೆ. ಈ ಪದದ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ತಕ್ಕಡಿಯ ಒಂದು ತಟ್ಟೆಗೆ ಹಸುಗೂಸನ್ನೂ ಇನ್ನೊಂದು ತಟ್ಟೆಗೆ ದಿನದ ಏಳೆಂಟು ಪೀರಿಯಡ್‌ಗಳು, ತಿದ್ದಬೇಕಾದ ಉತ್ತರಪತ್ರಿಕೆಗಳು, ಪಾಠಯೋಜನೆ, ವಾರ್ಷಿಕೋತ್ಸವದ ನೃತ್ಯಾಭ್ಯಾಸಗಳನ್ನೂ ಏರಿಸಿ, ತಕ್ಕಡಿಯನ್ನು ಹಿಡಿದು ನಿಲ್ಲುವ ಕೆಲಸವನ್ನು ಒಬ್ಬಳೇ ಹೆಣ್ಣುಮಗಳಿಗೆ ಒಪ್ಪಿಸಿ, ಅದು ಅಲುಗಾಡಿದಾಗ ಆಕೆಯ ಕೈಯನ್ನೇ ದೂರುವುದು ಸಮತೋಲನವಲ್ಲ. ಹೊರೆಯನ್ನು ಹೊರಿಸಿದವರು ಹೊಣೆಯಿಂದ ಜಾರಿಕೊಳ್ಳಲು ಕಂಡುಕೊಂಡ ಸುಂದರವಾದ ಶಬ್ದವದು, ಅಷ್ಟೇ.

ಮಗುವಿನ ಮೊದಲ ವರ್ಷವೆಂದರೇನು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರು ಕೂಡ ಬೇಡ, ಅನಂತರ ಮೇಲಾಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಲಸಿಕೆಗಾಗಿ ಹುಟ್ಟಿದಾಗ, 6, 10 ಮತ್ತು 14ನೇ ವಾರಗಳಲ್ಲಿ, ಮತ್ತೆ 9 ತಿಂಗಳು ತುಂಬಿದಾಗ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಕಾನೂನು ಒದಗಿಸುವ ರಜೆ 26 ವಾರ. ಹೆರಿಗೆಗೆ ಮುಂಚೆಯೇ ಎಂಟು ವಾರ ತೆಗೆದುಕೊಂಡ ತಾಯಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಮತ್ತು ಕೆಲವು ದಿನ. ಹಾಲನ್ನೇ ನಂಬಿರುವ ಕೂಸನ್ನು ಬಿಟ್ಟು ಆಕೆ ತರಗತಿಗೆ ಮರಳಬೇಕು. ಪೂರ್ತಿ ರಜೆಯನ್ನು ಹೆರಿಗೆಯ ನಂತರವೇ ಪಡೆದರೂ ವರ್ಷದ ಅರ್ಧ ಭಾಗ ಇನ್ನೂ ಉಳಿದಿರುತ್ತದೆ. ತಾಯಿಯ ದೇಹ ಶಾಲೆಯ ಗಂಟೆಗೆ ತಕ್ಕಂತೆ ನಡೆಯುವುದಿಲ್ಲ. ಗಂಟೆಗಟ್ಟಲೆ ಹಾಲನ್ನು ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ಬಾವು ಬರುತ್ತದೆ, ಕ್ರಮೇಣ ಹಾಲೇ ಬತ್ತುತ್ತದೆ. ಬಾಗಿಲಿಗೆ ಚಿಲಕವಿರುವ ಒಂದು ಸಣ್ಣ ಕೋಣೆ, ಒಂದು ಕುರ್ಚಿ, ಹಾಲನ್ನು ತಂಪಾಗಿಡಲು ಒಂದು ಚಿಕ್ಕ ಫ್ರಿಜ್, ಇಷ್ಟಿದ್ದರೆ ಇದನ್ನು ತಪ್ಪಿಸಬಹುದು. ಪ್ರತಿಮೆಗಳಿಗೆ ಗಾಜಿನ ಗೂಡು ಕಟ್ಟಿಸುವ ನಮಗೆ ಇಷ್ಟು ಅಸಾಧ್ಯವೇ?

ಈ ನೆಲದ ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12ರಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಅವಕಾಶವಿರಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಹೆರಿಗೆ ರಜೆಯಲ್ಲಿರುವವರನ್ನು ಕೆಲಸದಿಂದ ತೆಗೆಯಕೂಡದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಈ ಹಕ್ಕುಗಳನ್ನು ಉಳಿಸಿಕೊಂಡಿದೆ. ಅದೇ ವರ್ಷದ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆರಿಗೆ ರಜೆಯು ಹೆರಿಗೆ ಸೌಲಭ್ಯದ ಅವಿಭಾಜ್ಯ ಅಂಗವೆಂದೂ, ಅದು ಮಹಿಳೆಯ ಸಂತಾನ ಸಂಬಂಧಿ ಹಕ್ಕುಗಳ ಒಂದು ಮುಖವೆಂದೂ ತೀರ್ಪಿತ್ತಿತು.

‘ಈ ಕಾನೂನು ನಮ್ಮ ಶಾಲೆಗೆ ಅನ್ವಯಿಸುತ್ತದೆಯೇ?’ ಎಂದು ವಕೀಲರನ್ನು ಕೇಳಲು ಓಡುವವರಿದ್ದಾರೆ. ಅವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಅನ್ವಯಿಸದಿದ್ದರೆ ಏನು ಮಾಡುವಿರಿ? ಕಾನೂನು ಹೇಳುವುದು ಕನಿಷ್ಠವನ್ನು. ಪ್ರೀತಿಯೇ ನಮ್ಮ ಆಜ್ಞೆಯೆಂದು ಸಾರುವವರು ಕನಿಷ್ಠದಿಂದಲೂ ನುಣುಚಿಕೊಳ್ಳುವ ದಾರಿಯನ್ನು ಹುಡುಕಬಹುದೇ?

ಪವಿತ್ರ ಗ್ರಂಥವನ್ನು ತೆರೆದು ನೋಡಿ. ಇಸ್ರಯೇಲರ ಗಂಡುಶಿಶುಗಳನ್ನು ನೈಲ್ ನದಿಗೆ ಎಸೆಯಿರೆಂದು ಆಜ್ಞಾಪಿಸಿದ್ದು ಫರೋಹನ ಅರಮನೆ. ಆ ಅರಮನೆಯ ರಾಜಕುಮಾರಿಯೇ ಮೂರು ತಿಂಗಳ ಕೂಸಾದ ಮೋಶೆಯನ್ನು ನೀರಿನಿಂದ ಎತ್ತಿದಳು. ಅವನಿಗೆ ಹಾಲೂಡಿಸಲು ಹೆತ್ತ ತಾಯಿಯನ್ನೇ, ಆಕೆ ತಾಯಿಯೆಂದು ಅರಿಯದೆಯೇ, ನೇಮಿಸಿ ಅದಕ್ಕೆ ಸಂಬಳ ಕೊಡುವುದಾಗಿ ಮಾತುಕೊಟ್ಟಳು. ವಿಮೋಚನಾಕಾಂಡದ ಎರಡನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು. ಹಾಲೂಡಿಸುವ ಕಾಲಕ್ಕೆ ಫರೋಹನ ಮಗಳು ಸಂಬಳ ಕೊಡಬಲ್ಲವಳಾದರೆ, ಕ್ರಿಸ್ತನ ಹೆಸರು ಹೊತ್ತ ಶಾಲೆಗೆ ಅದು ಏಕೆ ಆಗದು?

ಇನ್ನು ಹನ್ನಳನ್ನು ನೆನೆಯಿರಿ. ಬೇಡಿ ಪಡೆದ ಮಗನನ್ನು ದೇವಾಲಯಕ್ಕೇ ಒಪ್ಪಿಸುವೆನೆಂದು ಹರಕೆ ಹೊತ್ತಿದ್ದ ತಾಯಿ ಆಕೆ. ಆದರೂ ವಾರ್ಷಿಕ ಬಲಿಯರ್ಪಣೆಗೆ ಮನೆಮಂದಿಯೆಲ್ಲ ಶಿಲೋವಿಗೆ ಹೊರಟಾಗ, ಮಗು ಮೊಲೆ ಬಿಡುವ ತನಕ ತಾನು ಬರಲಾರೆನೆಂದಳು. ಪತಿ ಎಲ್ಕಾನನು ಅವಳ ಇಚ್ಛೆಯಂತೆಯೇ ಆಗಲೆಂದನು. ದೇವರಿಗೆ ಸಲ್ಲಬೇಕಾದ ಹರಕೆಯೇ ಹಾಲೂಡುವ ಮಗುವಿಗಾಗಿ ಕಾಯಿತು. ನಮ್ಮ ಅರ್ಧವಾರ್ಷಿಕ ಪರೀಕ್ಷೆ ಕಾಯಲಾರದೇ? ಯಕೋಬನಾದರೂ ಜೊತೆಯಾಗಿ ಪಯಣಿಸೋಣವೆಂದು ಅಣ್ಣ ಏಸಾವನು ಕರೆದಾಗ, ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡಿಸುವ ಕುರಿಗಳೂ ದನಗಳೂ ಇವೆ, ಒಂದೇ ದಿನ ಅತಿಯಾಗಿ ನಡೆಸಿದರೆ ಮಂದೆಯೇ ಸತ್ತುಹೋದೀತು ಎಂದು ಹೇಳಿ, ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುವೆನೆಂದನು. ಮಂದೆಯನ್ನು ಬಲ್ಲ ಕುರಿಗಾಹಿಯ ವಿವೇಕವದು. ನಮ್ಮ ವೇಳಾಪಟ್ಟಿಗಳಲ್ಲಿ ಆ ವಿವೇಕ ಕಾಣುತ್ತಿದೆಯೇ?

ಧರ್ಮಸಭೆಯ ಬೋಧನೆಯೂ ಅಸ್ಪಷ್ಟವಾಗಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1981ರ ಸೆಪ್ಟೆಂಬರ್ 14ರಂದು ಹೊರಡಿಸಿದ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರದಲ್ಲಿ, ತಾಯಂದಿರು ತಾರತಮ್ಯಕ್ಕೆ ಒಳಗಾಗದೆ, ಇತರ ಮಹಿಳೆಯರಿಗಿಂತ ಹಿಂದೆ ಬೀಳದೆ ಮಕ್ಕಳನ್ನು ಪೋಷಿಸಲು ಸಾಧ್ಯವಾಗುವಂತೆ ಸಮಾಜವು ಏರ್ಪಾಡು ಮಾಡಬೇಕೆಂದೂ, ಮಹಿಳೆಯು ತನ್ನ ಏಳಿಗೆಗಾಗಿ ತಾಯ್ತನವನ್ನು ಬೆಲೆಯಾಗಿ ತೆರಬೇಕಾಗದಂತೆ ದುಡಿಮೆಯ ವ್ಯವಸ್ಥೆಯೇ ರೂಪುಗೊಳ್ಳಬೇಕೆಂದೂ ಬೋಧಿಸಿದರು. ಜಗದ್ಗುರು ಫ್ರಾನ್ಸಿಸ್ ಅವರು 2017ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ನೀಡುವಾಗ, ಹಸಿದು ಅಳುವ ಮಕ್ಕಳಿಗೆ ಅಲ್ಲಿಯೇ ಸಂಕೋಚವಿಲ್ಲದೆ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಸಲ್ಲುವುದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಲ್ಲದೇ?

ಎದುರಾಗುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ‘ಮಕ್ಕಳ ಪಾಠಕ್ಕೆ ಹಾನಿಯಾಗುತ್ತದೆ’ ಎಂಬುದು. ಹೆರಿಗೆಯೇನೂ ನಾಳೆ ಬೆಳಿಗ್ಗೆ ಥಟ್ಟನೆ ಬಂದೆರಗುವ ಆಪತ್ತಲ್ಲ. ಐದಾರು ತಿಂಗಳು ಮುಂಚಿತವಾಗಿಯೇ ತಿಳಿದಿರುವ ವಿಷಯ. ಅಷ್ಟರೊಳಗೆ ಬದಲಿ ಶಿಕ್ಷಕರನ್ನು ಗೊತ್ತುಮಾಡದಿರುವುದು ಆಡಳಿತದ ಸೋಮಾರಿತನವೇ ಹೊರತು ತಾಯಿಯ ತಪ್ಪಲ್ಲ.

ಎರಡನೆಯದು, ‘ಅಜ್ಜಿಯಂದಿರಿಲ್ಲವೇ, ಅಷ್ಟು ಕಷ್ಟವಾದರೆ ಮನೆಯಲ್ಲಿರಬಾರದೇ’ ಎಂಬುದು. ಅಜ್ಜಿ ಇಲ್ಲದ ಮನೆಗಳೂ ಇವೆ, ಅಜ್ಜಿಯೇ ಹಾಸಿಗೆ ಹಿಡಿದ ಮನೆಗಳೂ ಇವೆ. ಆ ಸಂಬಳದಿಂದಲೇ ಬಾಡಿಗೆ ಕಟ್ಟುವ, ಔಷಧಿ ತರುವ ಶಿಕ್ಷಕಿಯರಿಗೆ ಕೆಲಸ ಬಿಡುವುದು ಆಯ್ಕೆಯಲ್ಲ. ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಈ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಮುಂದೆ ಬಂದವರಲ್ಲಿ ನಾವೂ ಮೊದಲಿಗರು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಿಂತರು. 1921ರಲ್ಲಿ ಅದೇ ಊರಿನಲ್ಲಿ ಅವರಿಂದ ಸಂತ ಆಗ್ನೆಸ್ ಮಹಿಳಾ ಕಾಲೇಜು ತಲೆಯೆತ್ತಿತು. ಓದು, ಕಲಿ, ಕಲಿಸು ಎಂದು ಹೆಣ್ಣನ್ನು ಮನೆಯಿಂದ ಹೊರಗೆ ಕರೆದವರು, ಆಕೆ ಮಡಿಲಲ್ಲಿ ಮಗುವಿನೊಂದಿಗೆ ನಿಂತಾಗ ಮನೆಗೆ ಹೋಗೆನ್ನುವುದೇ?

ಮೂರನೆಯದು ಹಣದ ಮಾತು. ಸಣ್ಣ ಗ್ರಾಮದ ಶಾಲೆಯೊಂದು ಒಂಟಿಯಾಗಿ ಈ ಹೊರೆಯನ್ನು ಹೊರಲಾರದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಂಟಿಯಾಗಿ ಏಕೆ ಹೊರಬೇಕು? ಒಂದು ಲೆಕ್ಕವನ್ನು ಊಹಿಸಿಕೊಳ್ಳಿ. ಒಂದು ಧರ್ಮಕ್ಷೇತ್ರದ ಶಾಲೆಗಳಲ್ಲಿ ಒಟ್ಟು 600 ಶಿಕ್ಷಕರು, 18,000 ವಿದ್ಯಾರ್ಥಿಗಳು ಇದ್ದಾರೆನ್ನೋಣ. ವರ್ಷಕ್ಕೆ 24 ಶಿಕ್ಷಕಿಯರು ಹೆರಿಗೆ ರಜೆ ಪಡೆಯುತ್ತಾರೆನ್ನೋಣ. ಅವರ ಸಂಬಳ ಹೇಗೂ ಆಯವ್ಯಯದಲ್ಲಿ ಸೇರಿರುವುದರಿಂದ ಹೆಚ್ಚುವರಿ ಖರ್ಚು ಬದಲಿ ಶಿಕ್ಷಕರದ್ದು ಮಾತ್ರ. ತಿಂಗಳಿಗೆ 15,000 ರೂಪಾಯಿಯಂತೆ ಆರು ತಿಂಗಳಿಗೆ ತಲಾ 90,000. ಒಟ್ಟು 21,60,000 ರೂಪಾಯಿ. ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ವರ್ಷಕ್ಕೆ ತಲೆಗೆ 120 ರೂಪಾಯಿ, ತಿಂಗಳಿಗೆ ಹತ್ತು ರೂಪಾಯಿ. ದೊಡ್ಡ ಶಾಲೆಗಳು ಹೆಚ್ಚು ಕೊಟ್ಟು ಸಣ್ಣ ಶಾಲೆಗಳ ಪಾಲನ್ನು ಇನ್ನೂ ಇಳಿಸಬಹುದು. ಪ್ರವೇಶದ್ವಾರದ ಕಮಾನಿಗೆ, ಜುಬಿಲಿಯ ಶಾಮಿಯಾನಕ್ಕೆ ಹಣ ಹೊಂದಿಸುವ ನಮಗೆ ಕೊರತೆಯಿರುವುದು ಹಣದ್ದಲ್ಲ, ಮನಸ್ಸಿನದ್ದು.

ನಾಲ್ಕನೆಯದು ಅತಿ ಸೂಕ್ಷ್ಮವಾದದ್ದು: ‘ಇದು ಸೇವೆ, ತ್ಯಾಗ ಬೇಡವೇ?’ ತ್ಯಾಗವನ್ನು ಮಾಡುವವರು ತಾವಾಗಿ ಅರ್ಪಿಸಬೇಕು. ಮೇಲಿರುವವರು ಕೆಳಗಿರುವವರಿಂದ ವಸೂಲು ಮಾಡಿದರೆ ಅದು ತ್ಯಾಗವೆನಿಸದು, ಸುಲಿಗೆಯೆನಿಸುತ್ತದೆ. ಕೂಲಿಯವರಿಂದ ತಡೆಹಿಡಿದ ಕೂಲಿಯು ದೇವರಿಗೆ ಕೇಳಿಸುವಂತೆ ಕೂಗಿಕೊಳ್ಳುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ. ಇಲ್ಲಿ ಕೂಗುವುದು ಕೂಲಿಯೊಂದೇ ಅಲ್ಲ, ತೊಟ್ಟಿಲ ಕೂಸೂ ಕೂಗುತ್ತಿದೆ.

ಹಾಗಾದರೆ ಆಗಬೇಕಾದುದೇನು? ಪ್ರತಿ ಧರ್ಮಕ್ಷೇತ್ರದ ಶಿಕ್ಷಣ ಮಂಡಳಿಯು ತನ್ನೆಲ್ಲ ಶಾಲೆಗಳಿಗೆ ಒಂದೇ ಲಿಖಿತ ಹೆರಿಗೆ ನಿಯಮವನ್ನು ಪ್ರಕಟಿಸಲಿ, ಅದು ಸ್ಟಾಫ್ ರೂಮಿನ ಗೋಡೆಯ ಮೇಲಿರಲಿ. ಮೇಲೆ ಹೇಳಿದ ಸಾಮಾನ್ಯ ನಿಧಿಯನ್ನು ಸ್ಥಾಪಿಸಲಿ. ನಿವೃತ್ತ ಶಿಕ್ಷಕ ಶಿಕ್ಷಕಿಯರ ಪಟ್ಟಿಯೊಂದನ್ನು ಸಿದ್ಧಪಡಿಸಿ ಬದಲಿ ವ್ಯವಸ್ಥೆ ಮಾಡಲಿ. ಶಾಲೆಗೊಂದು ಹಾಲೂಡಿಸುವ ಕೋಣೆಯಿರಲಿ. ಬಾಲವಾಡಿ, ಕಾನ್ವೆಂಟುಗಳಿರುವಲ್ಲಿ ಶಿಶುವಿಹಾರವನ್ನು ಹಂಚಿಕೊಳ್ಳಲಿ. ರಜೆ ಮುಗಿಸಿ ಬಂದ ತಾಯಿಯ ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಬಿಡುವಿನ ಹಿಂದೆಯೋ ಮುಂದೆಯೋ ಒಂದು ಪೀರಿಯಡ್ ಖಾಲಿಯಿರಲಿ. ಮಗುವಿಗೆ 15 ತಿಂಗಳಾಗುವವರೆಗೆ ಸಂಜೆಯ ಅಭ್ಯಾಸಗಳಿಂದಲೂ ಹೊರಸಂಚಾರದ ಹೊಣೆಯಿಂದಲೂ ಆಕೆಗೆ ವಿನಾಯಿತಿಯಿರಲಿ. ತಂದೆಯಾದ ಶಿಕ್ಷಕನಿಗೂ ರಜೆಯಿರಲಿ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಸಂತ ಜೋಸೆಫರನ್ನು ಪಾಲಕರೆಂದು ಗೌರವಿಸುವ ನಾವು ಗಂಡಸರಿಗೆ ತೊಟ್ಟಿಲು ತೂಗುವುದನ್ನು ಕಲಿಸಿದರೆ ಅವಮಾನವೇನಿಲ್ಲ.

ಓದುಗರೇ, ನಿಮ್ಮಲ್ಲಿ ಶಾಲೆಗಳ ವ್ಯವಸ್ಥಾಪಕರಾದ ಗುರುಗಳಿದ್ದೀರಿ, ಮುಖ್ಯೋಪಾಧ್ಯಾಯಿನಿಯರಿದ್ದೀರಿ, ಧರ್ಮಕೇಂದ್ರದ ಪಾಲನಾ ಮಂಡಳಿಯ ಸದಸ್ಯರಿದ್ದೀರಿ, ಪೋಷಕರಿದ್ದೀರಿ. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಕಳೆದ ಐದು ವರ್ಷಗಳಲ್ಲಿ ತಾಯಿಯಾದ ಶಿಕ್ಷಕಿಯರೆಷ್ಟು, ಸಂಬಳಸಹಿತ ರಜೆ ಪಡೆದವರೆಷ್ಟು, ಮರಳಿ ಬಂದವರೆಷ್ಟು? ಉತ್ತರ ಹಾಜರಿ ಪುಸ್ತಕದಲ್ಲಿಯೇ ಇರುತ್ತದೆ. ಆ ಪುಟಗಳನ್ನು ತೆರೆದು ಓದಿದ ಬಳಿಕ, ಬರುವ ಕ್ರಿಸ್ತಜಯಂತಿಯಂದು ಗೋದಲಿಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ತೀರ್ಮಾನಿಸೋಣ.