ದ್ರಾಕ್ಷಿ ಹಳ್ಳಿಯದು, ರುಚಿ ಪಟ್ಟಣದ್ದು!

ರಜಾ ದಿನ ಬಂತೆಂದರೆ ಬೆಂಗಳೂರಿನ ಕಾರುಗಳು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರಕ್ಕೆ ತಿರುಗುತ್ತವೆ. ಇವರು ನಂದಿಬೆಟ್ಟ ಹತ್ತುವವರಲ್ಲ, ವೈನ್ ರುಚಿ ನೋಡೋರು.

ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸ್ ತಳಿಯ ಬಳ್ಳಿ ನೆಟ್ಟು ಶುರು ಮಾಡಿದ ಕಸುಬು ಇದು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ಮನೆತನದ ಕಸುಬು ಕಂಪನಿಯಾದರೂ ಬಂದವರನ್ನು ಕೂರಿಸಿ ಉಪಚರಿಸುವ ಪದ್ಧತಿ ಉಳಿದಿದೆ. ದುಡ್ಡು ಕೊಟ್ಟವರಿಗೆ ತೋಟ ತೋರಿಸ್ತಾರೆ, ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ ತೋರಿಸ್ತಾರೆ. ಕೆಂಪು ವೈನಿಗೆ ಹಣ್ಣನ್ನು ಸಿಪ್ಪೆ ಸಮೇತ ಹುದುಗಿಸಬೇಕು, ಬಿಳಿಗೆ ಬರೀ ರಸ ಸಾಕು ಅಂತ ವಿವರಿಸ್ತಾರೆ. ಕಡೆಗೆ ಸಾಲಾಗಿ ಗ್ಲಾಸಿಟ್ಟು ಒಂದೊಂದು ಗುಟುಕು. ಮೊದಲು ಮೂಸಬೇಕು, ಆಮೇಲೆ ನಾಲಿಗೆ ಮೇಲೆ ಹೊರಳಿಸಬೇಕು. ಗಟಗಟ ಏರಿಸುವವರಿಗೆ ಇಲ್ಲೇನೂ ಕೆಲಸವಿಲ್ಲ. ಒಳ್ಳೆ ಆತಿಥ್ಯ, ಅದರಲ್ಲಿ ತಪ್ಪು ಹುಡುಕೋದು ಬೇಡ.

ತಕರಾರು ಇರುವುದು ಬೇಲಿಯಾಚೆ.

ಸುತ್ತಲ ಹಳ್ಳಿಗಳ ರೈತ ಬೆಳೆಯುವುದು ಬೆಂಗಳೂರು ಬ್ಲೂ. ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಮುದ್ರೆ ಹೊಟ್ಟೆ ತುಂಬಿಸೀತೆ? ಕೊಯ್ದ ಹಣ್ಣು ಕಾಯುವುದಿಲ್ಲ, ದಲ್ಲಾಳಿ ಹೇಳಿದ್ದೇ ರೇಟು. 2020ರ ಲಾಕ್‌ಡೌನಿನಲ್ಲಿ ಬಳ್ಳಿಯಲ್ಲೇ ಹಣ್ಣು ಕೊಳೆತದ್ದನ್ನು ಈ ಸೀಮೆ ಮರೆತಿಲ್ಲ. ಅದೇ ದ್ರಾಕ್ಷಿ ರಸವಾಗಿ ಬಾಟಲಿಗಿಳಿದರೆ ತಿಂಗಳುಗಟ್ಟಲೆ ಕಾಯುತ್ತೆ, ವೈನಾದರೆ ವರ್ಷಗಟ್ಟಲೆ. ಗುಟ್ಟು ಇಷ್ಟೇ.

ಸರ್ಕಾರಕ್ಕೇನು ಇದು ಗೊತ್ತಿಲ್ಲವೇ? 2007ರಲ್ಲಿ ಒಂದು ಕೈಲಿ ಸಾರಾಯಿ ನಿಲ್ಲಿಸಿ ಇನ್ನೊಂದು ಕೈಲಿ ‘ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ ತಂದಿತು. ಹೆಸರಲ್ಲೇ ದ್ರಾಕ್ಷಿ ಮೊದಲು, ವೈನ್ ಆಮೇಲೆ. ಆದರೆ ಎರಡೆಕರೆ ರೈತನಿಗೆ ಟ್ಯಾಂಕು, ತಂಪು ಯಂತ್ರ, ಅಬಕಾರಿ ಲೈಸೆನ್ಸು ಅಂದರೆ ಆನೆ ಸಾಕುವ ಮಾತು!

ದಾರಿ ಇಲ್ಲದೇ ಇಲ್ಲ. ಇದೇ ಸೀಮೆಯಲ್ಲಿ ಒಂದೇ ಹಸು ಇರುವ ಹೆಂಗಸೂ ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸ್ತಾಳೆ. ಮನೆಗೊಂದು ಡೇರಿ ಕಟ್ಟು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಹಾಗೆಯೇ ತಾಲ್ಲೂಕಿಗೊಂದು ಸಹಕಾರಿ ದ್ರಾಕ್ಷಿ ಗಾಣ ಬರಲಿ. ಮೊದಲು ರಸ, ಜಾಮು. ಲೈಸೆನ್ಸು ಸಿಕ್ಕಮೇಲೆ ವೈನು. ಮುಂದೊಂದು ಜಗಲಿ ಹಾಕಿ, ಬಂದವರಿಗೆ ರೈತನ ಮನೆಯವರೇ ರುಚಿ ತೋರಿಸಲಿ, ಕನ್ನಡದಲ್ಲೇ ವಿವರಿಸಲಿ.

‘ಸಾರಾಯಿ ಹೋಗಿ ವೈನ್ ಬಂತು’ ಎಂದು ಮೂಗು ಮುರಿಯುವವರ ಮಾತಲ್ಲೂ ಸತ್ಯವಿದೆ. ಅಮಲು ಯಾವುದಾದರೂ ಅಮಲೇ. ಅದಕ್ಕೇ ರಸ ಮೊದಲಾಗಲಿ. ಗುಟುಕು ಇಳಿಸಿದವ ಸ್ಟಿಯರಿಂಗ್ ಮುಟ್ಟದಿರಲಿ.

2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿದಾಗಿನಿಂದ ಇಲ್ಲಿ ಗೊಂಚಲಿಗಿಂತ ಸೈಟಿಗೇ ಬೆಲೆ. ಬಳ್ಳಿ ಕಿತ್ತು ಲೇಔಟಿಗೆ ಕೊಡುವ ರೈತನನ್ನು ಬೈದು ಫಲವಿಲ್ಲ. ಹಣ್ಣಿಗೆ ಬೆಲೆ ಸಿಗುವಂತೆ ಮಾಡಿ, ಬಳ್ಳಿ ತಾನಾಗಿ ಉಳಿಯುತ್ತೆ. ಇಲ್ಲವಾದರೆ ನಾಳೆ ರುಚಿ ನೋಡಲು ಬರುವವರಿಗೆ ದಾರಿಯುದ್ದಕ್ಕೂ ಕಾಣುವುದು ದ್ರಾಕ್ಷಿ ಚಪ್ಪರದ ಕಂಬವಲ್ಲ, ಸೈಟಿನ ಗಡಿಕಲ್ಲು!