‘ಇನ್ನೂ ವ್ಯಸನಿ’: ಆ ಷರಾ ತಿದ್ದುವುದು ಯಾವಾಗ, ಸಾಹೇಬರೇ?

ಮಾನ್ಯ ಅಧಿಕಾರಿಗಳೇ,

ನಿಮ್ಮ ಹೆಸರು, ಹುದ್ದೆ ಎರಡನ್ನೂ ಇಲ್ಲಿ ಬರೆದಿಲ್ಲ. ಓದಿದರೆ ನಿಮಗೇ ತಿಳಿಯುತ್ತದೆ. ಅರ್ಜಿ ಕೊಟ್ಟಾಯಿತು, ಜ್ಞಾಪನಾ ಪತ್ರ ಕೊಟ್ಟಾಯಿತು, ನಿಮ್ಮ ಕಚೇರಿಯ ಬೆಂಚು ಕಾದಿದ್ದೂ ಆಯಿತು. ಇನ್ನು ನಾಲ್ಕು ಜನರ ಮುಂದೆಯೇ ಕೇಳುತ್ತೇನೆ.

ನನ್ನ ತಮ್ಮನ ಕತೆ ನಿಮಗೆ ಗೊತ್ತೇ ಇದೆ. ಬೆನ್ನುನೋವಿಗೆಂದು ಟಪೆಂಟಡಾಲ್ ಮಾತ್ರೆ, ಆಮೇಲೆ ಅದೇ ಸಿರಿಂಜಿಗೆ. ಅದೆಲ್ಲ ಬಿಡಿ. ಈಗ ಬೆಂಗಳೂರಿನ ವೈದ್ಯರು ಬರೆದುಕೊಟ್ಟ ಬ್ಯುಪ್ರೆನಾರ್ಫಿನ್-ನಲಾಕ್ಸೋನ್ ಮಾತ್ರೆಯನ್ನು ನಾಲಗೆ ಕೆಳಗಿಟ್ಟುಕೊಂಡು, ಅದು ಕರಗಿದ ಮೇಲೆ ದೊಡ್ಡಬಳ್ಳಾಪುರದ ಮಗ್ಗದ ಕೆಲಸಕ್ಕೆ ಹೋಗುತ್ತಾನೆ. ಹಾಸಿನ ಎಳೆ ಹರಿದರೆ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕುತ್ತಾನೆ. ಚಟದ ದಿನಗಳಲ್ಲಿ ಬೆರಳು ಬೆವೆತು ನಡುಗಿ ಗಂಟೇ ಕೂರುತ್ತಿರಲಿಲ್ಲ. ಶನಿವಾರದ ಬಟವಾಡೆ ಈಗ ನೇರ ಅವನ ಹೆಂಡತಿಯ ಕೈ ಸೇರುತ್ತದೆ.

ಆದರೂ ಅವನು ಕೇಳಿದ ಸಾಲದ ಕಡತದಲ್ಲಿ ನಿಮ್ಮವರು ಬರೆದ ಷರಾ ‘ಇನ್ನೂ ವ್ಯಸನಿ’. ಮೂತ್ರ ಪರೀಕ್ಷೆಯಲ್ಲಿ ಬ್ಯುಪ್ರೆನಾರ್ಫಿನ್ ಸಿಕ್ಕಿತಂತೆ. ಸಿಗದೆ ಇನ್ನೇನು? ವೈದ್ಯರ ಚೀಟಿ ತೋರಿಸಿದಾಗ ‘ತಪ್ಪಾಗಿದೆ, ಒಂದು ವಾರದಲ್ಲಿ ತಿದ್ದಿಸ್ತೀನಿ’ ಎಂದವರು ನೀವೇ. ಯುಗಾದಿ ಹೋಯಿತು, ಗಣೇಶನ ಹಬ್ಬವೂ ಹೋಯಿತು.

ತಮಾಷೆ ಕೇಳಿ. ಮಾರ್ಫಿನ್ ಪತ್ತೆಗೆ ಬಳಸುವ ಮಾಮೂಲಿ ಸ್ಟ್ರಿಪ್ಪಿನಲ್ಲಿ ಟಪೆಂಟಡಾಲ್ ಸಾಮಾನ್ಯವಾಗಿ ಸಿಕ್ಕಿಬೀಳುವುದೇ ಇಲ್ಲ. ಕದ್ದು ನುಂಗುವವನು ಪಾಸು, ಚಿಕಿತ್ಸೆಯಲ್ಲಿರುವವನು ಫೇಲು! ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬ್ಯುಪ್ರೆನಾರ್ಫಿನನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಗುಮಾಸ್ತರಿಗೆ ಮಾತ್ರ ಅದು ಅಮಲು.

ಚೇತರಿಕೆ ಅಳೆಯಲು ಬೇರೆ ದಾರಿಯಿಲ್ಲ ಎನ್ನಬೇಡಿ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಚೇತರಿಸಿಕೊಳ್ಳುತ್ತಿರುವವರನ್ನೇ ಜೊತೆಗೆ ಕೂರಿಸಿಕೊಂಡು ‘ಶ್ಯೂರ್’ ಎಂಬ 21 ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ, 2016ರಲ್ಲೇ ಪ್ರಕಟವಾಗಿದೆ. ಅದು ನಶೆಯ ಬಗ್ಗೆಯೂ ಕೇಳುತ್ತದೆ, ನಿದ್ದೆ, ಊಟ, ಸಂಬಂಧಗಳು, ಇರಲು ಒಂದು ನೆಲೆ, ಹಣಕಾಸು ಇವನ್ನೂ ಕೇಳುತ್ತದೆ. ಉತ್ತರಿಸುವವನು ಚೇತರಿಸಿಕೊಳ್ಳುತ್ತಿರುವವನೇ, ಗುಮಾಸ್ತನಲ್ಲ. ನಮ್ಮ ಕಡೆಗೆ ಹೊಂದಿಸಿಕೊಳ್ಳಬೇಕು, ನಿಜ. ಅಣ್ಣತಮ್ಮಂದಿರು ಮದುವೆಗೆ ಕರೆದರಾ, ಅಂಗಡಿಯವನು ಮತ್ತೆ ಉದ್ರಿ ಕೊಟ್ಟನಾ ಎಂಬುದು ಲಂಡನ್ನಿನವರಿಗೆ ಹೊಳೆಯುವಂಥದ್ದಲ್ಲ. ಅದಕ್ಕೆ ನಿಮ್ಹಾನ್ಸ್ ಇದೆಯಲ್ಲ, ಹೊಸೂರು ರಸ್ತೆಯಲ್ಲಿ, ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರ ಇಟ್ಟುಕೊಂಡು. ಹೋಗಿ ಕೇಳಿ.

ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಕ್ಕೆ ಚಿಕಿತ್ಸೆ ಪಡೆಯುವವರಿಗೂ ಗೌಪ್ಯತೆಯ ಹಕ್ಕು ಕೊಟ್ಟಿದೆ. ಆದರೂ ನಿಮ್ಮ ಕೌಂಟರಿನಲ್ಲಿ ಆ ಷರಾವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿದರು. ಮಾರನೆಯ ದಿನ ನನ್ನ ತಮ್ಮ ಕೆಲಸಕ್ಕೆ ಹೋಗಲಿಲ್ಲ. ಮಾತ್ರೆ ಬಿಟ್ಟುಬಿಡ್ತೀನಿ ಅಂದ. ಬಿಟ್ಟು, ಮತ್ತೆ ಸಿರಿಂಜು ಹಿಡಿದು, ಹಳೇ ಪ್ರಮಾಣವನ್ನೇ ಏರಿಸಿಕೊಂಡು ಉಸಿರು ನಿಂತಿದ್ದರೆ ಏನು ಷರಾ ಬರೆಯುತ್ತಿದ್ದಿರಿ?

ಜೂನ್ 26ರ ಮಾದಕವಸ್ತು ವಿರೋಧಿ ದಿನ ಬಂದರೆ ಶಾಲೆ ಮಕ್ಕಳ ಕೈಗೆ ಬ್ಯಾನರ್ ಕೊಟ್ಟು ಬಿಸಿಲಲ್ಲಿ ನಡೆಸುತ್ತೀರಿ. ಚೀಟಿ ಕೇಳದೆ ಟಪೆಂಟಡಾಲ್ ಕೊಡುವ ಮೆಡಿಕಲ್ ಸ್ಟೋರಿನ ಬಾಗಿಲಿಗೆ ಎಂದಾದರೂ ಹೋಗಿದ್ದೀರಾ? ಔಷಧಕ್ಕೆಂದು ಬೆಂಗಳೂರಿಗೆ ಹೋದ ದಿನ ತಮ್ಮನ ಕೂಲಿ ಖೋತಾ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ಕಡೆ ಸರ್ಕಾರಿ ಆಸ್ಪತ್ರೆಯಲ್ಲೇ ಅದು ಸಿಗಲಿ. ಮೂತ್ರವೊಂದನ್ನೇ ನೋಡುವ ನಿಮ್ಮ ಫಾರಂ ಬದಲಾಗಲಿ. ಅದಕ್ಕೆಲ್ಲ ಮೇಲಿನವರ ಅಪ್ಪಣೆ ಬೇಕು ಅಂತೀರಿ. ಷರಾ ತಿದ್ದುವುದಕ್ಕೆ ಯಾರ ಅಪ್ಪಣೆ ಬೇಕು? ಒಪ್ಪಿಕೊಂಡವರು ನೀವು, ಕಡತ ನಿಮ್ಮ ಮೇಜಿನ ಮೇಲಿದೆ. ತಿದ್ದಿ, ಸಹಿ ಹಾಕಿ, ನಕಲು ಕೊಡಿ. ಬಾಯಿಮಾತಿಗೆ ಇನ್ನು ನಾನು ಎದ್ದುಹೋಗುವವನಲ್ಲ.

ಇಂತಿ,
ದೊಡ್ಡಬಳ್ಳಾಪುರದ ಒಬ್ಬ ನೇಕಾರ